ಎಡಗಡೆಯ ಹಾರ್ನ್ ಕೇಳಿಸಿಕೊಂಡದ್ದು

ಫೋನಕ್ಕನ ತಲೆ ಪೂರ್ತಿ ಹಾರ್ನ್ ಸ್ಪೀಕರಿನ ಒಳಗಿತ್ತು. ಕುತ್ತಿಗೆಯಿಂದ ಕೆಳಗಿನ ಭಾಗ ಮಾತ್ರ ಕೋಣೆಯಲ್ಲಿ ಉಳಿದಿತ್ತು.

"ಏನಾದ್ರೂ ಕಾಣಿಸ್ತಾ?" ಎಂದು ಹಿಂದಿನಿಂದ ಡಾಕ್ಟರ ತಂಗಿ ಕೇಳಿದಳು. ಆ ಮಾತು ಬಾವಿಯ ಮೇಲಿಂದ ಯಾರೋ ಬಗ್ಗಿ ಕರೆದಂತೆ ಕೇಳಿಸಿತು.

ಕಾಣುವಂಥದ್ದು ಅಲ್ಲಿ ಏನೂ ಇರಲಿಲ್ಲ. ಊಟದ ಮೇಜಿನಷ್ಟು ಅಗಲದ ಬಾಯಿ ಒಳಗೆ ಹೋಗುತ್ತ ಹೋಗುತ್ತ ಕಿರಿದಾಗಿ, ಕೊನೆಗೆ ಒಂದು ಮುಷ್ಟಿ ತೂರುವಷ್ಟು ಗಂಟಲಾಗಿತ್ತು. ಆ ಗಂಟಲಿನ ತುದಿಗೆ ಕಬ್ಬಿಣದ ಗುಂಡು ಡಬ್ಬಿಯೊಂದನ್ನು ತಿರುಪಿ ಕೂರಿಸಿದ್ದರು. ಸದ್ದು ಹುಟ್ಟುವುದು ಅದರೊಳಗೆ. ಉಳಿದದ್ದೆಲ್ಲ ಆ ಸದ್ದನ್ನು ಹೊತ್ತು ತರುವ ಮರದ ದಾರಿ. ಅಂಚಿನಲ್ಲಿ ಒಂದು ಕಡೆ ಮರ ಸುಟ್ಟು ಕಪ್ಪಾಗಿತ್ತು.

ಫೋನಕ್ಕ ತಲೆ ಹೊರಗೆ ತೆಗೆದು, ಕೂದಲಿಗೆ ಅಂಟಿದ ಧೂಳು ಕೊಡವಿಕೊಂಡಳು. ಇಂಥದ್ದೇ ಇನ್ನೊಂದು ಹಾರ್ನ್ ಬಲಗಡೆಯ ಮೂಲೆಯಲ್ಲಿ ಬಾಯಿ ತೆರೆದು ನಿಂತಿತ್ತು. ಎರಡೂ ಸೇರಿ ಕೋಣೆಯ ಅರ್ಧ ಭಾಗ ನುಂಗಿದ್ದವು.

ಈ ಎರಡು ಹಾರ್ನುಗಳ ಮುಂದೆಯೇ ಹಲ್ಲಿನ ಡಾಕ್ಟರು ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿ ಬಿದ್ದಿದ್ದರು. ಆಸ್ಪತ್ರೆ ಸೇರಿದವರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಾಲು ಜಾರಿತು ಎಂದು ಊರೆಲ್ಲ ಹೇಳುತ್ತಿತ್ತು. ಇಲ್ಲ ಅನ್ನುತ್ತಿದ್ದವಳು ತಂಗಿಯೊಬ್ಬಳೇ. ಫೋನಕ್ಕನನ್ನು ಕರೆಸಿದ್ದೂ ಅವಳೇ.

ಕಾಲು ಜಾರುವ ಮಾತನ್ನು ಫೋನಕ್ಕ ಮೊದಲ ಸಲ ಈ ಕೋಣೆಗೆ ಕಾಲಿಟ್ಟಾಗಲೇ ಪಕ್ಕಕ್ಕಿಟ್ಟಿದ್ದಳು. ನೆಲಕ್ಕೆ ಹಾಸಿದ್ದ ಜಮಖಾನ ಅಷ್ಟು ದಪ್ಪ. ಅದರ ಮೇಲೆ ಬೇಕೆಂದರೂ ಜಾರಲಾಗದು, ಬಿದ್ದರೂ ತಲೆ ಒಡೆಯದು. ಗೋಡೆಗಳಿಗೆ ಎರಡು ಪದರದ ಪರದೆ, ಬಾಗಿಲಿಗೆ ಒಳಗೊಂದು ಹೊರಗೊಂದು ಕದ. ಡಾಕ್ಟರು ನಿವೃತ್ತರಾಗುವವರೆಗೆ ಇದೇ ಅವರ ಕ್ಲಿನಿಕ್ಕಾಗಿತ್ತು. ಹಲ್ಲು ಕೊರೆಯುವ ಯಂತ್ರದ ಸದ್ದು ಕೇಳಿ ಕೇಳಿ ರೋಸಿಹೋದ ಮನುಷ್ಯ, ಕ್ಲಿನಿಕ್ಕಿಗೆ ಬೀಗ ಹಾಕಿದ ಮೇಲೆ ರೋಗಿಗಳ ಕುರ್ಚಿ ಇದ್ದ ಜಾಗದಲ್ಲೇ ತನ್ನ ಕುರ್ಚಿ ಹಾಕಿಸಿಕೊಂಡು ಹಾಡು ಕೇಳಲು ಕೂತಿದ್ದರು.

ಆ ಕುರ್ಚಿಯ ವಿಷಯವನ್ನು ಡಾಕ್ಟರ ಗೆಳೆಯ ಟಾಕೀಸಿನ ಯಜಮಾನರು ಫೋನಕ್ಕನಿಗೆ ಹಿಂದಿನ ದಿನ ಆಸ್ಪತ್ರೆಯ ವರಾಂಡದಲ್ಲಿ ಕೂತು ಬಿಡಿಸಿ ಹೇಳಿದ್ದರು. ಹಾರ್ನುಗಳು ಅವರ ಟಾಕೀಸಿನವೇ. ಟಾಕೀಸು ಬೆಂಕಿ ಬಿದ್ದು ಹಾಳಾದಾಗ ಉಳಿದದ್ದು ಇವೆರಡು. ಹಾರ್ನಿನ ಸದ್ದು ಟಾರ್ಚಿನ ಬೆಳಕಿನ ಹಾಗೆ, ಎತ್ತ ತೋರಿಸಿದರೆ ಅತ್ತ ಮಾತ್ರ ಬೀಳುತ್ತದೆ ಎಂದು ಅವರು ಹೇಳಿದ್ದರು. ಕುರ್ಚಿ ನಾಲ್ಕು ಬೆರಳು ಆಚೆ ಸರಿದರೂ, ಎದುರಿಗೆ ನಿಂತು ಹಾಡುತ್ತಿದ್ದವಳು ಗೋಡೆಯ ಪಕ್ಕಕ್ಕೆ ಹೋಗಿಬಿಡುತ್ತಾಳಂತೆ. ಟಾಕೀಸಿನಲ್ಲಿ ಸಾವಿರ ಜನಕ್ಕೆ ಹಂಚುತ್ತಿದ್ದ ಸದ್ದನ್ನು ಒಬ್ಬರ ಎರಡು ಕಿವಿಗೆ ಸರಿಹೊಂದಿಸಲು ಡಾಕ್ಟರು ವರ್ಷಗಟ್ಟಲೆ ಹೆಣಗಿದ್ದರಂತೆ.

ಇನ್ನೊಂದು ಮಾತನ್ನೂ ಯಜಮಾನರು ನಗುತ್ತಲೇ ಹೇಳಿದ್ದರು. ಈಚೆಗೆ ಎಡಗಡೆಯ ಹಾರ್ನ್ ಆಗಾಗ ಮೂಕಿಯಾಗುತ್ತಿತ್ತಂತೆ. ಹಾಡು ಶುರುವಾದಾಗ ಸುಮ್ಮನಿದ್ದು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಾಯಿಬಿಡುತ್ತಿತ್ತಂತೆ. ಡಾಕ್ಟರು ಬಿಚ್ಚಿ ನೋಡಿದರೂ ಏನೂ ಸಿಕ್ಕಿರಲಿಲ್ಲ.

ಫೋನಕ್ಕ ಎಡಗಡೆಯ ಹಾರ್ನಿನ ಮುಂದೆ ಮಂಡಿಯೂರಿದಳು. ಜಮಖಾನದ ಮೇಲೆ ನಾಲ್ಕು ಪುಟ್ಟ ಗುಂಡಿಗಳಿದ್ದವು. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ತಂದು ಇಟ್ಟರೆ, ಅದರ ಕಾಲುಗಳು ಆ ಗುಂಡಿಗಳಲ್ಲಿ ಅಳತೆ ತೆಗೆದಂತೆ ಕೂತವು. ಅವಳು ಅದರ ಮೇಲೆ ಕೂತಳು. ಹಾರ್ನಿನ ಬಾಯಿಗೆ ಅವಳ ಮೂಗು ತಾಗುವಂತಿತ್ತು.

"ಇಲ್ಲಿ ಯಾರು ಕೂತ್ಕೋತಾರೆ?" ಎಂದು ಕೇಳಿದಳು.

ಯಾರೂ ಕೂರುವುದಿಲ್ಲ ಎಂದಳು ತಂಗಿ. ಹಾಡು ಹಾಕಿದಾಗ ಅಲ್ಲಿ ಕೂತರೆ ಕಿವಿ ತೂತು ಬೀಳುತ್ತದೆ. ಆ ಸ್ಟೂಲು ದೊಡ್ಡಣ್ಣ, ಅಂದರೆ ಡಾಕ್ಟರು, ಮೇಲಿನ ಕಪಾಟಿನಿಂದ ರೆಕಾರ್ಡು ತೆಗೆಯಲು ಇಟ್ಟುಕೊಂಡದ್ದು. ಅದನ್ನು ಇಲ್ಲಿಗೆ ತಂದವರನ್ನು ಅವನು ಸುಮ್ಮನೆ ಬಿಡುತ್ತಿರಲಿಲ್ಲ.

ಅಂದರೆ ಇಲ್ಲಿ ಕೂತವರು ಕೇಳಲು ಕೂತವರಲ್ಲ.

ಫೋನಕ್ಕನಿಗೆ ಆ ಹೆಸರು ಬಂದದ್ದೇ ಟೆಲಿಫೋನ್ ಎಕ್ಸ್‌ಚೇಂಜಿನಿಂದ. ಪತ್ತೇದಾರಿಕೆಗೆ ಇಳಿಯುವ ಮೊದಲು ಅರ್ಧ ಆಯುಸ್ಸನ್ನು ಅವಳು ಅಲ್ಲಿ, ಕಿವಿಗೆ ಕಟ್ಟಿಕೊಂಡ ರಿಸೀವರಿನೊಂದಿಗೆ ಸವೆಸಿದ್ದಳು. ಕಂಬ ಹತ್ತಿದ ಲೈನ್‌ಮನ್ನುಗಳು ಕೆಲವು ಸಲ ಮಾತಾಡುವ ತುಂಡು ಕೆಟ್ಟಾಗ, ಕೇಳುವ ತುಂಡನ್ನೇ ಬಾಯಿಗೆ ಹಿಡಿದು ಕೂಗುತ್ತಿದ್ದರು. ಮಾತು ಸಣ್ಣಗಾದರೂ ಎಕ್ಸ್‌ಚೇಂಜಿಗೆ ಸ್ಪಷ್ಟವಾಗಿಯೇ ಬರುತ್ತಿತ್ತು. ಸದ್ದು ಹೊರಡಿಸುವ ತಗಡು ಸದ್ದನ್ನು ಹಿಡಿಯಲೂ ಬಲ್ಲದು. ತಂತಿಯ ಆ ಕೊನೆಯಲ್ಲಿ ಕಿವಿಯೊಂದು ಇದ್ದರೆ ಸಾಕು.

ಅವಳು ಎದ್ದು ಹಾರ್ನಿನ ಹಿಂದಕ್ಕೆ ಹೋದಳು. ಕಬ್ಬಿಣದ ಡಬ್ಬಿಗೆ ದಪ್ಪ ತಂತಿಯೊಂದು ಬಂದು ಸೇರಿತ್ತು. ಅದು ಆಂಪ್ಲಿಫೈಯರಿನದು, ಇರಬೇಕಾದದ್ದೇ. ಆದರೆ ಆ ದಪ್ಪ ತಂತಿ ಗೋಡೆಯ ಪಟ್ಟಿಯ ಹಿಂದೆ ಹಾದುಹೋಗುವಲ್ಲಿ ಅದರ ಜೊತೆಗೆ ತೆಳ್ಳಗಿನ ಜೋಡಿ ತಂತಿ ಸೇರಿಕೊಂಡಿತ್ತು. ಗೋಡೆಯ ಬಣ್ಣವನ್ನೇ ಅದಕ್ಕೂ ಬಳಿದಿದ್ದರು. ಪರದೆಯ ಮಡಿಕೆಯಲ್ಲಿ ಅಡಗಿ ಅದು ನೇರ ಮೇಲಕ್ಕೆ ಹತ್ತಿ, ಚಾವಣಿಯಲ್ಲಿ ಮಾಯವಾಗಿತ್ತು.

ಮೇಲೆ ಯಾವ ಕೋಣೆ ಇದೆಯೆಂದು ಕೇಳುವ ಅಗತ್ಯ ಫೋನಕ್ಕನಿಗೆ ಇರಲಿಲ್ಲ. ಮೊದಲ ದಿನವೇ ಮನೆಯನ್ನೆಲ್ಲ ಸುತ್ತಿ ನೋಡಿದ್ದಳು. ಆದರೂ ಅವಳಿಗೆ ನಂಬಿಕೆ ಬರಲಿಲ್ಲ.

ತಂಗಿಗೆ ಅವಳು ಏನನ್ನೂ ತೋರಿಸಲಿಲ್ಲ. ಗಂಟಲು ಒಣಗಿದೆ, ಒಂದು ಲೋಟ ಚಹಾ ಸಿಕ್ಕರೆ ಜೀವ ಬಂದೀತು ಎಂದಳಷ್ಟೆ. ತಂಗಿ ಅಡುಗೆಮನೆಗೆ ಹೋದ ಮೇಲೆ ಎರಡೂ ಕದ ಎಳೆದುಕೊಂಡು, ಡಾಕ್ಟರ ಕುರ್ಚಿಯಲ್ಲಿ ಬಂದು ಕೂತಳು. ಹಾರ್ನುಗಳೆರಡೂ ಅವಳನ್ನೇ ದಿಟ್ಟಿಸುತ್ತಿದ್ದವು. ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ತನ್ನ ಎಂಜಲು ನುಂಗಿದ ಸದ್ದು ಅವಳಿಗೇ ಕೇಳಿಸಿತು.

"ಮೇಲೆ ಇರೋರಿಗೆ ನಮಸ್ಕಾರ," ಎಂದಳು ಫೋನಕ್ಕ, ಪಕ್ಕದಲ್ಲಿ ಕೂತವರೊಂದಿಗೆ ಮಾತಾಡುವಷ್ಟೇ ಮೆಲ್ಲಗೆ. "ನಾನು ಈಗ ಮೆಟ್ಟಿಲು ಹತ್ತಿ ಬರ್ತೀನಿ. ನಾನಂದದ್ದು ಕೇಳಿಸಿದ್ರೆ ಬಾಗಿಲು ತೆಗೆದಿಡಿ."

ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ತಂಗಿಗೆ, ಚಹಾ ಆಮೇಲೆ ಕುಡಿಯುತ್ತೇನೆ, ನಿಮ್ಮ ಅತ್ತಿಗೆಯನ್ನು ಒಂದು ಸಲ ಮಾತಾಡಿಸಿ ಬರುತ್ತೇನೆ ಎಂದಳು. ತಂಗಿ ಸೌಟು ಕೈಯಲ್ಲಿ ಹಿಡಿದೇ ನಿಟ್ಟುಸಿರಿಟ್ಟಳು. ಅತ್ತಿಗೆಯ ಕಿವಿ ಹೋಗಿ ಕಾಲವಾಯಿತು, ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗಿ ನೋಡುವುದಿಲ್ಲ, ಅವರಿಂದ ಏನು ಸಿಗುತ್ತದೆ ಎಂದಳು. ಫೋನಕ್ಕ ನಕ್ಕು ಮೆಟ್ಟಿಲು ಹತ್ತಿದಳು.

ಹಾರ್ನುಗಳ ಕೋಣೆಯ ನೇರ ಮೇಲಿದ್ದ ಅತ್ತಿಗೆಯ ಹೊಲಿಗೆ ಕೋಣೆಯ ಬಾಗಿಲು ಮೊದಲ ದಿನ ಬಂದಾಗ ಒಳಗಿನಿಂದ ಚಿಲಕ ಹಾಕಿತ್ತು. ಅರ್ಧ ಗಂಟೆ ಬಡಿದು, ಕೊನೆಗೆ ಕಿಟಕಿಯಲ್ಲಿ ಕೈ ಬೀಸಿದ ಮೇಲೆ ಅದು ತೆರೆದುಕೊಂಡಿತ್ತು.

ಇವತ್ತು ಅದು ಅಗಲವಾಗಿ ತೆರೆದಿತ್ತು.

ಡಾಕ್ಟರ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮುಡಿ ಕಟ್ಟಿದ ಬಿಳಿ ಕೂದಲು, ಮೂಗಿನ ಮೇಲೆ ದಪ್ಪ ಕನ್ನಡಕ. ತೊಡೆಯ ಮೇಲೆ ಕಿವಿಗೆ ಹಾಕಿಕೊಳ್ಳುವ ದೊಡ್ಡ ಹೆಡ್‌ಫೋನ್. ಯಂತ್ರದ ಕೆಳಗಿನ ಡ್ರಾಯರು ಹೊರಗೆ ಎಳೆದಿತ್ತು. ದಾರದ ಉಂಡೆಗಳ ನಡುವೆ ಒಂದು ಪುಟ್ಟ ಪೆಟ್ಟಿಗೆ, ಅದರ ಮೇಲೆ ಒಂದು ಸ್ವಿಚ್ಚು, ಒಂದು ಗುಂಡಿ, ಗಡಿಯಾರದ್ದರಂಥ ಒಂದು ಮುಳ್ಳು. ಪೆಟ್ಟಿಗೆಯಿಂದ ಹೊರಟ ಜೋಡಿ ತಂತಿ ನೆಲದ ಸಂದಿಯಲ್ಲಿ ಇಳಿದುಹೋಗಿತ್ತು.

"ಮುಖ ನನ್ನ ಕಡೆ ಮಾಡಿ ಮಾತಾಡಿ," ಎಂದರು ಆಕೆ. ಕಿವಿ ಕೇಳದವರ ಏರಿಳಿತವಿಲ್ಲದ ದನಿ. "ತುಟಿ ನೋಡಿದ್ರೆ ಅರ್ಥ ಆಗತ್ತೆ. ನಾನು ನಾಟಕ ಆಡ್ತಿಲ್ಲ. ನನಗೆ ನಿಜವಾಗ್ಲೂ ಕೇಳಿಸಲ್ಲ."

ಫೋನಕ್ಕ ಬಾಗಿಲು ಮುಂದೆ ಮಾಡಿ, ಎದುರಿಗೆ ಮುಕ್ಕಾಲಿಯೊಂದನ್ನು ಎಳೆದುಕೊಂಡು ಕೂತಳು. ಇದನ್ನೆಲ್ಲ ಜೋಡಿಸಿದವರು ಯಾರು ಎಂದು ತುಟಿ ಬಿಡಿಸಿ ಕೇಳಿದಳು.

ತಾವೇ ಎಂದರು ಆಕೆ. ಮದುವೆಗೆ ಮೊದಲು ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸ ಮಾಡಿದ್ದರು. ಗಂಡ ಆ ವಿಷಯವನ್ನೇ ಮರೆತಿದ್ದರು. ಕೈ ಮರೆತಿರಲಿಲ್ಲ. ಸ್ವಿಚ್ಚು ಈ ಕಡೆ ತಿರುಗಿಸಿದರೆ ಎಡಗಡೆಯ ಹಾರ್ನ್ ಹಾಡುವುದು ಬಿಟ್ಟು ಕೇಳಿಸಿಕೊಳ್ಳಲು ಶುರುಮಾಡುತ್ತದೆ. ಕೆಲವು ಸಲ ಸ್ವಿಚ್ಚು ವಾಪಸು ತಿರುಗಿಸಲು ಮರೆತು, ಕೆಳಗೆ ಹಾಡು ಹಾಕಿದಾಗ ಎಡಗಡೆ ಮೂಕಿಯಾಗಿ, ಅವರು ಬೈದುಕೊಳ್ಳುವುದನ್ನು ಕೇಳಿಸಿಕೊಂಡೇ ನೆನಪಾಗುತ್ತಿತ್ತಂತೆ. ಹೇಳುತ್ತ ಆಕೆಯ ತುಟಿಯಂಚಿನಲ್ಲಿ ಒಂದು ಕಳ್ಳನಗೆ ಸುಳಿದು ಹೋಯಿತು.

"ಯಾಕಮ್ಮ?" ಎಂದಳು ಫೋನಕ್ಕ.

ಆಕೆ ದಾರದ ಉಂಡೆಯೊಂದನ್ನು ಕೈಗೆತ್ತಿಕೊಂಡು ಸುತ್ತತೊಡಗಿದರು.

"ಕಿವಿಗೆ ಹಾಕೋ ಮಿಷನ್ನು ಎಲ್ಲ ಕೊಟ್ಟರು. ಅದು ಹಾಕ್ಕೊಂಡ್ರೆ ಪಾತ್ರೆ ಸದ್ದು, ಫ್ಯಾನಿನ ಸದ್ದು, ಬೀದಿ ಸದ್ದು ಎಲ್ಲ ಒಟ್ಟಿಗೆ ನುಗ್ಗತ್ತೆ. ಅದರಲ್ಲಿ ಅವರ ದನಿ ಎಲ್ಲಿ ಹುಡುಕಲಿ? ಬರ್ತಾ ಬರ್ತಾ ಅವರು ನನ್ನ ಹತ್ರ ಮಾತಾಡೋದೇ ಬಿಟ್ರು. ಊಟ ಆಯ್ತಾ ಅಂತ ಕೈಸನ್ನೆ. ಮಾತ್ರೆ ತಗೊಂಡ್ಯಾ ಅಂತ ಕೈಸನ್ನೆ. ಕೆಳಗೆ ಮಾತ್ರ ಆ ಗೆಳೆಯನ ಜೊತೆ ಗಂಟೆಗಟ್ಟಲೆ ಮಾತು, ನಗು. ಬಾಗಿಲ ಸಂದಿಯಲ್ಲಿ ಅವರು ನಗೋದು ಕಾಣಿಸ್ತಿತ್ತು. ಯಾತಕ್ಕೆ ನಗ್ತಾರೆ ಅಂತ ನನಗೂ ಬೇಕಿತ್ತು."

ಹಾರ್ನಿನ ವಿಶೇಷವೇ ಅದು ಎಂದು ಆಕೆ ವಿವರಿಸಿದರು. ಅದು ಯಾವ ಕುರ್ಚಿಗೆ ಹಾಡುತ್ತದೋ ಆ ಕುರ್ಚಿಯ ಮಾತನ್ನೇ ಹಿಡಿಯುತ್ತದೆ. ಉಳಿದ ಗದ್ದಲವನ್ನೆಲ್ಲ ಹೊರಗೇ ನಿಲ್ಲಿಸುತ್ತದೆ. ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡು ಗುಂಡಿ ತಿರುಗಿಸಿ ಸದ್ದು ಪೂರ್ತಿ ಏರಿಸಿದಾಗ ಗಂಡ ಕೆಮ್ಮಿದ್ದು ಕೇಳಿಸಿ, ಕೈಯಲ್ಲಿದ್ದ ಕತ್ತರಿ ಕೆಳಗೆ ಬಿದ್ದಿತ್ತಂತೆ. ಇನ್ನೊಂದು ದಿನ ಅವರು ಗೆಳೆಯನಿಗೆ, ತನ್ನ ಹೆಂಡತಿಯಷ್ಟು ಚೆನ್ನಾಗಿ ನಗುವವರನ್ನು ತಾನು ಕಂಡಿಲ್ಲ, ಈಗ ನಗಿಸುವುದು ಹೇಗೆಂದೇ ತಿಳಿಯುವುದಿಲ್ಲ ಎಂದಿದ್ದರು. ಆಕೆ ಅವತ್ತು ಇದೇ ಕೋಣೆಯಲ್ಲಿ ಒಬ್ಬರೇ ಕೂತು ಅತ್ತಿದ್ದರು.

ಫೋನಕ್ಕ ಅವಸರ ಮಾಡಲಿಲ್ಲ. ಆಕೆ ಕನ್ನಡಕ ಒರೆಸಿ ಮತ್ತೆ ಹಾಕಿಕೊಳ್ಳುವವರೆಗೆ ಕಾದಳು. ಆಮೇಲೆ ಮುಖ ಎದುರಿಗೆ ತಂದು, ಒಂದೊಂದೇ ಪದ ಬಿಡಿಸಿ ಕೇಳಿದಳು.

"ಅವರು ಬಿದ್ದ ದಿನ ಇದನ್ನ ಹಾಕ್ಕೊಂಡಿದ್ರಾ?"

ಆಕೆಯ ಕೈ ನಿಂತಿತು. ದಾರದ ಉಂಡೆ ಉರುಳಿ ಯಂತ್ರದ ಕೆಳಗೆ ಹೋಯಿತು. ಇಬ್ಬರೂ ಎತ್ತಿಕೊಳ್ಳಲಿಲ್ಲ.

"ಇಷ್ಟು ದಿನ ಆಸ್ಪತ್ರೇಲಿ ಅವರ ಕೈ ಹಿಡ್ಕೊಂಡು ಕೂತಿದ್ರಿ," ಎಂದಳು ಫೋನಕ್ಕ. "ಪೊಲೀಸರು ಬಂದ್ರು, ನಾನು ಬಂದೆ. ಕಿವಿ ಕೇಳಲ್ಲ ಅಂತ ಎಲ್ಲರೂ ನಿಮ್ಮನ್ನ ದಾಟಿಕೊಂಡು ಹೋದ್ವಿ. ನೀವೂ ಹೋಗೋಕೆ ಬಿಟ್ರಿ. ಯಾಕೆ?"

"ಏನು ಅಂತ ಹೇಳಲಿ? ಗಂಡನ ಮಾತು ಕದ್ದು ಕೇಳ್ತಿದ್ದೆ ಅಂತಲಾ? ಅವರು ಎದ್ದ ಮೇಲೆ ಅದನ್ನ ನನ್ನ ಬಾಯಿಂದಲೇ ಕೇಳಬೇಕು ಅಂತಿತ್ತು. ಬೇರೆಯವರಿಂದ ಅಲ್ಲ."

"ಅಷ್ಟೇನಾ?"

"ಅಷ್ಟೇ ಅಲ್ಲ."

ಆಕೆ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದರು. ಕೂತ ಮೇಲೆ ದನಿ ತಗ್ಗಿಸಲು ಪ್ರಯತ್ನಿಸಿದರು. ತನ್ನ ದನಿ ಎಷ್ಟು ಎತ್ತರಕ್ಕಿದೆಯೆಂದು ತಿಳಿಯದವರ ಪ್ರಯತ್ನ ಅದು. ಒಂದು ಮಾತು ಪಿಸುಗುಟ್ಟಿದರೆ ಇನ್ನೊಂದು ಎತ್ತರಕ್ಕೆ ಏರುತ್ತಿತ್ತು. ಫೋನಕ್ಕ ಕೈಯಿಂದಲೇ ಸನ್ನೆ ಮಾಡಿ ಅದನ್ನು ಇಳಿಸುತ್ತಿದ್ದಳು.

ಅವತ್ತು ಸಂಜೆ ಹಾಡು ಮುಗಿದ ಮೇಲೆ ಆಕೆ ಸ್ವಿಚ್ಚು ತಿರುಗಿಸಿದ್ದರು. ಕೋಣೆಗೆ ಯಾರೋ ಬಂದಿದ್ದರು. ಬಂದವರು ಕೂರಲಿಲ್ಲ. ಹಾರ್ನಿನ ಎದುರಿನಿಂದ ದೂರ, ಬಾಗಿಲ ಬಳಿಯೇ ನಿಂತು ಮಾತಾಡಿದ್ದರಿಂದ ಅವರ ದನಿ ಬರೀ ಗೊಣಗಾಟವಾಗಿತ್ತು. ಗಂಡು ಹೆಣ್ಣು ತಿಳಿಯುವಂತಿರಲಿಲ್ಲ. ಡಾಕ್ಟರದು ಮಾತ್ರ ಕುರ್ಚಿಯಿಂದ ಬಂದ ಮಾತು, ಒಂದಕ್ಷರವೂ ತಪ್ಪಿರಲಿಲ್ಲ.

"ಅವತ್ತು ನಾನು ನೋಡಿದ ಹಲ್ಲು ಅವನದಲ್ಲ ಅಂದ್ರು. ನನ್ನ ಕೈಯಾರೆ ತುಂಬಿದ ಹಲ್ಲು ನನಗೆ ಗೊತ್ತಾಗಲ್ವಾ ಅಂದ್ರು. ಅವತ್ತು ಸುಳ್ಳು ಹೇಳಿದೆ, ಇನ್ನು ಅದನ್ನ ಹೊತ್ಕೊಂಡು ಇರೋಕೆ ನನ್ನಿಂದಾಗಲ್ಲ, ನಾಳೆ ಹೋಗಿ ಎಲ್ಲ ಹೇಳಿಬಿಡ್ತೀನಿ ಅಂದ್ರು. ಆಮೇಲೆ ಕುರ್ಚಿ ಸದ್ದು. ಎದ್ದಿರಬೇಕು. ಆಮೇಲೆ ಧೊಪ್ ಅಂತ ಒಂದು ಸದ್ದು."

ಆಕೆ ಕಣ್ಣು ಮುಚ್ಚಿಕೊಂಡರು. ಮುಚ್ಚಿದರೆ ಫೋನಕ್ಕನ ತುಟಿ ಕಾಣುವುದಿಲ್ಲವೆಂದು ನೆನಪಾಗಿ ಮತ್ತೆ ತೆರೆದರು.

ಕೆಳಗೆ ಓಡಿ ಹೋಗಬೇಕೆಂದು ಎದ್ದಿದ್ದರಂತೆ. ಹೆಡ್‌ಫೋನ್ ಇನ್ನೂ ತಲೆಯ ಮೇಲಿತ್ತು. ಅಷ್ಟರಲ್ಲಿ ಸ್ಟೂಲು ಎಳೆದ ಸದ್ದು. ಆಮೇಲೆ ಉಸಿರು, ಕಿವಿಯ ಒಳಗೇ ಯಾರೋ ಬಂದು ಕೂತಷ್ಟು ಹತ್ತಿರ. ಆಮೇಲೆ ಪಿಸುಮಾತು.

"ಏನಂದ್ರು?"

"ಅತ್ತಿಗೆ, ಕೇಳಿಸ್ಕೊಂಡ್ರಲ್ಲ. ಇನ್ನು ಮುಂದೆ ಕೇಳಿಸಲ್ಲ ಅಂತಲೇ ಇದ್ದುಬಿಡಿ. ಅಷ್ಟೇ ಅಂದದ್ದು."

ಎಡಗಡೆಯ ಹಾರ್ನ್ ಯಾಕೆ ಮೂಕಿಯಾಗುತ್ತದೆಂದು ಡಾಕ್ಟರಿಗೆ ತಿಳಿಯದೆ ಉಳಿದದ್ದು ಇನ್ನೊಬ್ಬರಿಗೆ ತಿಳಿದಿತ್ತು. ಆ ಮನುಷ್ಯ, ಅಥವಾ ಆ ಹೆಂಗಸು, ಬಿದ್ದವರನ್ನು ಅಲ್ಲೇ ಬಿಟ್ಟು ಸ್ಟೂಲು ಎಳೆದುಕೊಂಡು ಆರಾಮಾಗಿ ಕೂತು ಹೇಳಿದ್ದು.

ಪಿಸುಮಾತಿಗೆ ಗುರುತು ಇರುವುದಿಲ್ಲ ಎಂಬುದನ್ನು ಎಕ್ಸ್‌ಚೇಂಜಿನಲ್ಲಿ ಕೂತಿದ್ದ ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಪಿಸುಗುಟ್ಟಿದರೆ ಅಪ್ಪ, ಮಗಳು ಎಲ್ಲ ಒಂದೇ. ಆದರೆ ಕರೆದ ಪದಕ್ಕೆ ಗುರುತು ಇರುತ್ತದೆ.

"ನಿಮ್ಮನ್ನ ಅತ್ತಿಗೆ ಅಂತ ಯಾರು ಯಾರು ಕರೀತಾರೆ?"

ಆಕೆ ಇದನ್ನು ತಾನೂ ಎಣಿಸಿ ನೋಡಿದ್ದವರಂತೆ ತಡಮಾಡದೆ ಹೇಳಿದರು. ನಾದಿನಿ, ಅಂದರೆ ಕೆಳಗೆ ಚಹಾ ಮಾಡುತ್ತಿರುವವಳು. ಟಾಕೀಸಿನ ಯಜಮಾನರು, ಗೆಳೆಯನ ಹೆಂಡತಿ ಎಂದು. ಯಜಮಾನರು ಈ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರ ಮಂಚದ ಪಕ್ಕದಲ್ಲಿದ್ದರು. ಅಲ್ಲಿ ಪೊಲೀಸಿನವನೊಬ್ಬ ಕಾವಲಿಗಿರುವುದು ನೆನಪಾಗಿ ಫೋನಕ್ಕ ಸ್ವಲ್ಪ ಉಸಿರು ಬಿಟ್ಟಳು.

"ಇಬ್ಬರೇನಾ?"

"ಬದುಕಿರೋರು ಇಬ್ಬರೇ."

"ಸತ್ತವರು?"

ಡಾಕ್ಟರ ಹೆಂಡತಿ ಕಿಟಕಿಯ ಕಡೆ ನೋಡಿದರು. ಫೋನಕ್ಕ ಅವರ ಮಂಡಿ ಮುಟ್ಟಿ ತನ್ನ ಕಡೆ ತಿರುಗಿಸಿಕೊಂಡಳು. ಡಾಕ್ಟರು ಹಲ್ಲು ನೋಡಿ ಹೆಣ ಗುರುತಿಸಿದ್ದು ಯಾವಾಗ, ಯಾರದು ಎಂದು ಕೇಳಿದಳು.

"ಒಂದೇ ಸಲ. ಟಾಕೀಸಿಗೆ ಬೆಂಕಿ ಬಿದ್ದಾಗ. ಮುಖ ಮೈ ಏನೂ ಉಳಿದಿರಲಿಲ್ಲ. ನನ್ನ ಮೈದುನ ಅವತ್ತು ಸಿನಿಮಾಕ್ಕೆ ಹೋಗಿದ್ದ. ಇವರೇ ನೋಡಿ, ಹೌದು, ನನ್ನ ತಮ್ಮನೇ ಅಂತ ಬರೆದುಕೊಟ್ಟು ಬಂದ್ರು. ಮೂರು ದಿನ ಅನ್ನ ಮುಟ್ಟಲಿಲ್ಲ. ದುಃಖಕ್ಕೆ ಅಂತ ಅಂದ್ಕೊಂಡಿದ್ದೆ."

"ನಿಮ್ಮ ನಾದಿನಿಗಿಂತ ದೊಡ್ಡವನಾ, ಚಿಕ್ಕವನಾ?"

"ದೊಡ್ಡವನು. ಇವರು ಅವಳಿಗೆ ದೊಡ್ಡಣ್ಣ, ಅವನು ಚಿಕ್ಕಣ್ಣ. ಅವನು ಅಂದ್ರೆ ಅವಳಿಗೆ ಪ್ರಾಣ."

ಆ ಮಾತು ಮುಗಿಯುವಷ್ಟರಲ್ಲಿ ಡ್ರಾಯರಿನ ಪೆಟ್ಟಿಗೆಯ ಮೇಲಿನ ಮುಳ್ಳು ಅಲುಗಿತು. ಕಿವಿ ಕೇಳದವರು ತಮಗಾಗಿ ಇಟ್ಟುಕೊಂಡ ಗುರುತು. ಕೆಳಗಿನ ಕೋಣೆಯಲ್ಲಿ ಸದ್ದಾದರೆ ಮುಳ್ಳು ಏಳುತ್ತದೆ. ಅದು ಎದ್ದಿತು, ಬಿತ್ತು, ಮತ್ತೆ ಎದ್ದಿತು.

ಯಾರೋ ಆ ಎರಡು ಕದಗಳನ್ನು ಹಾಕಿಕೊಂಡು ಒಳಗಿದ್ದರು. ಮನೆಯಲ್ಲಿ ಗುಟ್ಟು ಮಾತಾಡಲು ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿರಲಿಲ್ಲ. ಗೋಡೆಗೆ ಕಿವಿಯಿಟ್ಟರೂ ಹೊರಗೆ ಒಂದು ಪದ ಬರುವುದಿಲ್ಲ.

ಡಾಕ್ಟರ ಹೆಂಡತಿ ಹೆಡ್‌ಫೋನ್ ಎತ್ತಿಕೊಂಡು, ಒಂದು ಬಿಲ್ಲೆಯನ್ನು ತನ್ನ ಕಿವಿಗೆ ಒತ್ತಿ, ಇನ್ನೊಂದನ್ನು ಹೊರಕ್ಕೆ ತಿರುಗಿಸಿ ಹಿಡಿದರು. ಫೋನಕ್ಕ ಅವರ ಕೆನ್ನೆಗೆ ಕೆನ್ನೆ ಹಚ್ಚಿ ಬಗ್ಗಿದಳು.

ಮೊದಲು ಮೊಬೈಲಿನ ಗುಂಡಿ ಒತ್ತಿದ ಸದ್ದು. ಕುರ್ಚಿ ಕಿರುಗುಟ್ಟಿತು. ಆಮೇಲೆ, ಅಕ್ಷರ ಅಕ್ಷರವೂ ಸ್ಪಷ್ಟವಾಗಿ, ಡಾಕ್ಟರ ತಂಗಿಯ ದನಿ ಬಂತು.

"ಚಿಕ್ಕಣ್ಣ, ಅವಳು ಮೇಲೆ ಅತ್ತಿಗೆ ಹತ್ರ ಕೂತಿದಾಳೆ. ನೀನು ಬದುಕಿದೀಯ ಅಂತ ಮೊದಲೇ ತಿಳಿದಿದ್ರೆ ನಾನು ಅವಳನ್ನ ಕರೆಸ್ತಾನೇ ಇರಲಿಲ್ಲ. ನೀನು ಆಸ್ಪತ್ರೆ ಒಳಗೆ ಹೋದ್ಯಾ?"